ಸ್ಟೇಡಿಯಂ ಮೊದಲೋ, ಸಾಹುಕಾರ ಮೊದಲೋ

ಕೇಳುಗರಿಗೆ ನಮಸ್ಕಾರ.

ಇಂಗ್ಲೆಂಡಿನ ಲಿವರ್‌ಪೂಲ್ ಅಂದಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಕೆಂಪು ಅಂಗಿಯ ಫುಟ್‌ಬಾಲ್ ತಂಡ. ಅದೇ ಊರಿನಲ್ಲಿ ನೀಲಿ ಅಂಗಿಯ ಇನ್ನೊಂದು ತಂಡವೂ ಇದೆ, ಎವರ್ಟನ್. ಹುಟ್ಟಿದ್ದು 1878ರಲ್ಲಿ, ವಯಸ್ಸಿನಲ್ಲಿ ಕೆಂಪು ತಂಡಕ್ಕಿಂತ ಹಿರಿಯದು. ಇಂಗ್ಲೆಂಡಿನ ಲೀಗನ್ನು ಒಂಬತ್ತು ಸಲ ಗೆದ್ದಿದೆ. ಒಂಬತ್ತನೆಯದು ಬಂದದ್ದು 1987ರಲ್ಲಿ. ಆಮೇಲೆ ಈ ತಂಡದ ಅಭಿಮಾನಿಗಳು ಸೇರಿದ ಕಡೆಯಲ್ಲೆಲ್ಲ ಆಟಗಾರರಿಗಿಂತ ಹೆಚ್ಚಾಗಿ ಚರ್ಚೆಯಾದದ್ದು ಎರಡೇ ವಿಷಯ. ಒಂದು, ಹೊಸ ಸ್ಟೇಡಿಯಂ ಎಲ್ಲಿ ಕಟ್ಟುವುದು. ಇನ್ನೊಂದು, ಅದಕ್ಕೆ ದುಡ್ಡು ಹಾಕುವವರು ಯಾರು. ಈ ಚರ್ಚೆ ಕಾಲು ಶತಮಾನ ನಡೆಯಿತು. ಇವತ್ತು ಹೇಳಹೊರಟಿರುವುದು ಅದರ ಕತೆ.

ಮೈದಾನದ ತಕರಾರು ಎವರ್ಟನ್‌ಗೆ ಹುಟ್ಟಿನಿಂದಲೇ ಅಂಟಿಕೊಂಡದ್ದು. ಇವತ್ತು ಲಿವರ್‌ಪೂಲ್ ತಂಡದ ಹೆಸರಿನ ಜೊತೆಗೇ ಬರುವ ಆನ್‌ಫೀಲ್ಡ್ ಇದೆಯಲ್ಲ, ಅಲ್ಲಿ ಮೊದಲು ಆಡುತ್ತಿದ್ದದ್ದು ಎವರ್ಟನ್. ಮೈದಾನದ ಒಡೆತನ ಜಾನ್ ಹೌಲ್ಡಿಂಗ್ ಎಂಬ ಬಿಯರ್ ತಯಾರಕರ ಕೈಯಲ್ಲಿತ್ತು. ಬಾಡಿಗೆ ವಿಷಯದಲ್ಲಿ ಜಗಳ ಬೆಳೆಯಿತು. 1892ರಲ್ಲಿ ಕ್ಲಬ್ಬಿನವರು ಗಂಟುಮೂಟೆ ಕಟ್ಟಿಕೊಂಡು ಸ್ಟ್ಯಾನ್ಲಿ ಪಾರ್ಕ್ ಎಂಬ ಉದ್ಯಾನದ ಆಚೆ ಬದಿಗೆ ಹೋಗಿ ಗುಡಿಸನ್ ಪಾರ್ಕ್ ಕಟ್ಟಿಕೊಂಡರು. ಖಾಲಿ ಮೈದಾನ ಇಟ್ಟುಕೊಂಡು ಹೌಲ್ಡಿಂಗ್ ಏನು ಮಾಡಬೇಕು? ಹೊಸ ತಂಡವೊಂದನ್ನೇ ಹುಟ್ಟುಹಾಕಿದರು. ಅದೇ ಲಿವರ್‌ಪೂಲ್. ಇಂಥ ಹಿನ್ನೆಲೆಯ ಅಭಿಮಾನಿಗಳಿಗೆ ನೆಲದ ಮಾಲೀಕ ಯಾರು ಎಂಬ ಪ್ರಶ್ನೆ ಸಣ್ಣದಾಗಿ ಕಾಣುವುದಿಲ್ಲ.

ಗುಡಿಸನ್ ಪಾರ್ಕ್ ಹೇಗಿತ್ತು ಅಂತ ಸ್ವಲ್ಪ ಹೇಳಬೇಕು. ಸುತ್ತ ಒಂದಕ್ಕೊಂದು ಅಂಟಿಕೊಂಡ ಇಟ್ಟಿಗೆ ಮನೆಗಳ ಬೀದಿಗಳು, ಅವುಗಳ ನಡುವೆ ನುಗ್ಗಿ ಕೂತಂತೆ ಸ್ಟೇಡಿಯಂ. ಒಂದು ಮೂಲೆಯಲ್ಲಿ ಸೇಂಟ್ ಲೂಕ್ ಚರ್ಚು. ಅದನ್ನು ಕೆಡವುವಂತಿಲ್ಲ, ಹಾಗಾಗಿ ಗ್ಯಾಲರಿ ಅಲ್ಲಿಗೇ ನಿಂತುಬಿಟ್ಟಿತ್ತು. ಆರ್ಚಿಬಾಲ್ಡ್ ಲೀಚ್ ಎಂಬ ಎಂಜಿನಿಯರ್ ಹಾಕಿದ ಅಡ್ಡಗೀರು ಉಕ್ಕಿನ ಜಾಲರಿ ಗ್ಯಾಲರಿಯ ಎದುರಿಗೇ ಕಾಣುತ್ತಿತ್ತು. ಚಾವಣಿಗೆ ಆಸರೆಯಾದ ಕಂಬಗಳು ಪ್ರೇಕ್ಷಕರ ನಡುವೆಯೇ ಇದ್ದವು. ಕಂಬದ ಹಿಂದಿನ ಸೀಟು ಸಿಕ್ಕವರು ಚೆಂಡು ಬಲಕ್ಕೆ ಹೋದರೆ ಎಡಕ್ಕೆ ವಾಲಬೇಕು, ಎಡಕ್ಕೆ ಬಂದರೆ ಬಲಕ್ಕೆ. 1966ರ ವಿಶ್ವಕಪ್‌ನಲ್ಲಿ ಉತ್ತರ ಕೊರಿಯಾದ ಎದುರು ಮೂರು ಗೋಲು ಹಿಂದೆ ಬಿದ್ದ ಪೋರ್ಚುಗಲ್‌ಗಾಗಿ ಯುಸೇಬಿಯೊ ನಾಲ್ಕು ಗೋಲು ಹೊಡೆದು 5–3ರಿಂದ ಗೆಲ್ಲಿಸಿದ್ದು ಇದೇ ನೆಲದಲ್ಲಿ.

ಆದರೆ ನೆನಪುಗಳಿಂದ ಸಂಬಳ ಕೊಡಲಾಗದು. ಗುಡಿಸನ್‌ನಲ್ಲಿ ಹಿಡಿಸುತ್ತಿದ್ದದ್ದು ಹೆಚ್ಚೂಕಡಿಮೆ 39 ಸಾವಿರ ಜನ. ಕಂಪನಿಗಳು ದುಬಾರಿ ಬೆಲೆಗೆ ಕೊಳ್ಳುವ ಬಾಕ್ಸ್‌ಗಳು ಬೆರಳೆಣಿಕೆಯಷ್ಟು. ಅತ್ತ ಆರ್ಸೆನಲ್ 2006ರಲ್ಲಿ 60 ಸಾವಿರ ಸೀಟಿನ ಹೊಸ ಸ್ಟೇಡಿಯಂಗೆ ಹೋಯಿತು, 2019ರಲ್ಲಿ ಟಾಟನ್‌ಹ್ಯಾಮ್ ಅದಕ್ಕಿಂತ ದೊಡ್ಡದನ್ನು ಕಟ್ಟಿಕೊಂಡಿತು. ಟಿವಿ ಹಣ ಎಲ್ಲರಿಗೂ ಬರುತ್ತದೆ. ಪಂದ್ಯದ ದಿನದ ಗಳಿಕೆಯಲ್ಲೇ ಈ ಅಂತರ ಬೀಳುವುದು.

ಮೊದಲ ದೊಡ್ಡ ಕನಸು ಕಿಂಗ್ಸ್ ಡಾಕ್. ಮರ್ಸಿ ನದಿಯ ದಡ, ಊರಿನ ನಟ್ಟನಡು, 55 ಸಾವಿರ ಸೀಟು, ಬೇಕೆಂದಾಗ ಮುಚ್ಚುವ ಚಾವಣಿ. ಬಹುಪಾಲು ಹಣ ಬೇರೆಯವರದು, ಕ್ಲಬ್ ತರಬೇಕಾದದ್ದು 3 ಕೋಟಿ ಪೌಂಡ್. ಅದು ಹೊಂದಲಿಲ್ಲ. 2003ರಲ್ಲಿ ಯೋಜನೆ ಬಿದ್ದುಹೋಯಿತು. ಮರುವರ್ಷ ಅದೇ ಊರಿನ ಹುಡುಗ, 18 ವರ್ಷದ ವೇಯ್ನ್ ರೂನಿಯನ್ನು ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಮಾರಿದರು, ಕನಿಷ್ಠ 2 ಕೋಟಿ ಪೌಂಡಿಗೆ. ಇವತ್ತಿಗೂ ಹಳೆಯ ಅಭಿಮಾನಿಗಳ ಎದುರು ಕಿಂಗ್ಸ್ ಡಾಕ್ ಹೆಸರೆತ್ತಿದರೆ ಸಾಕು, ಆ 3 ಕೋಟಿಯ ಲೆಕ್ಕ ಮತ್ತೆ ಶುರುವಾಗುತ್ತದೆ.

ಎರಡನೆಯದು ಕರ್ಕ್‌ಬಿ. ಇಲ್ಲಿ ಜಗಳ ನಿಜವಾಗಿ ಮನೆಮನೆಗೆ ಬಂತು. ಟೆಸ್ಕೊ ಎಂಬ ಸೂಪರ್‌ಮಾರ್ಕೆಟ್ ಕಂಪನಿ ದೊಡ್ಡ ಮಳಿಗೆ ಕಟ್ಟುವುದು, ಪಕ್ಕದಲ್ಲೇ 50 ಸಾವಿರ ಸೀಟಿನ ಸ್ಟೇಡಿಯಂ. ದೂರವೇನೂ ಹೆಚ್ಚಲ್ಲ. ಆದರೆ ಕರ್ಕ್‌ಬಿ ಲಿವರ್‌ಪೂಲ್ ನಗರದ ಗಡಿಯ ಹೊರಗಿದೆ, ಪಕ್ಕದ ನೋಸ್ಲಿ ಆಡಳಿತಕ್ಕೆ ಸೇರಿದ್ದು. 2007ರ ಆಗಸ್ಟ್‌ನಲ್ಲಿ ಕ್ಲಬ್ ತನ್ನ ಅಭಿಮಾನಿಗಳಿಂದಲೇ ಮತ ಹಾಕಿಸಿತು. ಶೇಕಡಾ 59ರಷ್ಟು ಮತ ಹೋಗೋಣ ಎಂದವು. ಒಂದು ಕಡೆಯವರ ವಾದ: ಕಂಬದ ಹಿಂದೆ ಕೂತು ಕತ್ತು ನೋಯಿಸಿಕೊಂಡದ್ದು ಸಾಕು, ಅಗ್ಗಕ್ಕೆ ಸಿಗುವಾಗ ಬಿಡಬಾರದು. ಇನ್ನೊಂದು ಕಡೆಯವರು ಕೇಳಿದ್ದು: ಊರು ಬಿಟ್ಟ ಮೇಲೆ ಊರಿನ ತಂಡ ಅಂತ ಯಾವ ಬಾಯಲ್ಲಿ ಹೇಳುವುದು? ಅಗ್ಗ ಅಂತೀರಲ್ಲ, ಆ ಲೆಕ್ಕಪತ್ರ ಎಲ್ಲಿ, ತೋರಿಸಿ. ‘ಕೀಪ್ ಎವರ್ಟನ್ ಇನ್ ಅವರ್ ಸಿಟಿ’ ಎಂದು ಸಂಘ ಕಟ್ಟಿಕೊಂಡು ಹೋರಾಡಿದರು. ವಿಷಯ ಸಾರ್ವಜನಿಕ ವಿಚಾರಣೆಯವರೆಗೂ ಹೋಯಿತು. 2009ರ ನವೆಂಬರ್‌ನಲ್ಲಿ ಸರ್ಕಾರವೇ ಅನುಮತಿ ನಿರಾಕರಿಸಿತು. ಮತದಲ್ಲಿ ಸೋತ ಶೇಕಡಾ 41ರ ಮಾತೇ ಕೊನೆಗೆ ನಡೆಯಿತು. ನನ್ನನ್ನು ಕೇಳಿದರೆ ಅವರು ಹೇಳಿದ್ದೇ ಸರಿ. ಮಾರುಕಟ್ಟೆಯ ಪಾರ್ಕಿಂಗ್ ಜಾಗದ ಅಂಚಿನಲ್ಲಿ ಕೂತಿದ್ದರೆ ಎವರ್ಟನ್ ಇವತ್ತು ನದಿಯ ದಡ ಕಾಣುತ್ತಿರಲಿಲ್ಲ.

ಆ ಕಾಲದ ಕ್ಲಬ್ಬಿನ ಮುಖ್ಯಸ್ಥರು ಬಿಲ್ ಕೆನ್‌ರೈಟ್. ನಾಟಕಗಳ ನಿರ್ಮಾಪಕರು, ಹುಟ್ಟಾ ಎವರ್ಟನ್ ಅಭಿಮಾನಿ. ಕ್ಲಬ್ಬಿನ ಮೇಲೆ ಪ್ರೀತಿ ಇತ್ತು, ಕೋಟ್ಯಂತರ ಸುರಿಯುವಷ್ಟು ಹಣ ಇರಲಿಲ್ಲ. ಹೂಡಿಕೆದಾರರನ್ನು ಹಗಲಿರುಳು ಹುಡುಕುತ್ತಿದ್ದೇನೆ ಎನ್ನುವುದು ಅವರ ವರ್ಷಗಟ್ಟಲೆಯ ಮಾತು. ಅಭಿಮಾನಿಗಳಿಗೆ ಅದು ಗೇಲಿಯ ಸರಕಾಯಿತು. ತೊಡಕು ಎಲ್ಲಿತ್ತೆಂದರೆ, ಹಳೇ ಸ್ಟೇಡಿಯಂ ಇರುವ ಕ್ಲಬ್ಬನ್ನು ಕೊಳ್ಳಲು ಸಾಹುಕಾರ ಬರುವುದಿಲ್ಲ, ಸಾಹುಕಾರ ಬಾರದೆ ಹೊಸ ಸ್ಟೇಡಿಯಂ ಏಳುವುದಿಲ್ಲ. ಮದುವೆ ಆಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆ ಆಗದು ಅಂತಾರಲ್ಲ, ಅದೇ ಸ್ಥಿತಿ. ಕ್ಲಬ್ಬಿನ ಸಣ್ಣ ಷೇರುದಾರರಿಗೆ 1938ರಿಂದಲೇ ತಮ್ಮದೊಂದು ಸಂಘವಿದೆ. ಅವರು ಕೇಳಬಹುದು, ವಾದಿಸಬಹುದು. ತೀರ್ಮಾನಿಸುವಷ್ಟು ಷೇರು ಅವರ ಕೈಯಲ್ಲಿಲ್ಲ.

2016ರ ಫೆಬ್ರುವರಿಯಲ್ಲಿ ಸಾಹುಕಾರ ಬಂದೇ ಬಂದರು. ಫರ್ಹಾದ್ ಮೊಶಿರಿ, ಇರಾನ್ ಮೂಲದ ಬ್ರಿಟಿಷ್ ಲೆಕ್ಕಪರಿಶೋಧಕ. ಆರ್ಸೆನಲ್‌ನಲ್ಲಿದ್ದ ಪಾಲು ಮಾರಿ ಇಲ್ಲಿ ಶೇಕಡಾ 49.9ರಷ್ಟು ಷೇರು ಕೊಂಡರು, ಆಮೇಲೆ ಹೆಚ್ಚಿಸಿಕೊಂಡರು. ಆಟಗಾರರ ಮೇಲೆ ಹಣ ನೀರಿನಂತೆ ಹರಿಯಿತು, ಮ್ಯಾನೇಜರುಗಳು ಬಂದರು, ಹೋದರು. ಬಂದವರಲ್ಲಿ ಕಾರ್ಲೊ ಆನ್ಚೆಲೊಟ್ಟಿಯಂಥವರೂ ಇದ್ದರು. ಆದರೆ ಅಂಗಳದಲ್ಲಿ ತಂಡ ಮೇಲೆ ಹೋಗಲಿಲ್ಲ. ಮೊಶಿರಿ ಕಾಲದ ಗಟ್ಟಿ ಫಲ ಅಂದರೆ ಬ್ರಾಮ್ಲಿ-ಮೂರ್ ಡಾಕ್ ಒಂದೇ.

ಅದು ಗುಡಿಸನ್‌ನಿಂದ ಸುಮಾರು 3 ಕಿಲೋಮೀಟರ್ ದೂರ, ಊರಿನ ಉತ್ತರಕ್ಕೆ, ಕೆಲಸವಿಲ್ಲದೆ ಬಿದ್ದಿದ್ದ ಹಳೇ ಹಡಗುಕಟ್ಟೆ. ಕಟ್ಟೆಯ ನೀರಿನ ಜಾಗವನ್ನು ಐರಿಷ್ ಸಮುದ್ರದ ತಳದಿಂದ ತೆಗೆದ ಮರಳಿನಿಂದ ತುಂಬಿದರು. ಹಳೇ ಕಟ್ಟೆಯ ಕಲ್ಲಿನ ಗೋಡೆಗಳನ್ನು ಒಡೆಯದೆ ಮರಳಿನ ಒಳಗೇ ಉಳಿಸಿದರು. ಕಟ್ಟೆಯ ಅಂಚಿನಲ್ಲಿದ್ದ ಹಳೆಯ ಇಟ್ಟಿಗೆ ಗೋಪುರವನ್ನೂ ಕೆಡವಲಿಲ್ಲ. ವಾಸ್ತುಶಿಲ್ಪಿ ಡ್ಯಾನ್ ಮೈಸ್ ವಿನ್ಯಾಸದಲ್ಲಿ ಕೆಳಗಡೆ ಬಂದರಿನ ಗೋದಾಮುಗಳಂತೆ ಇಟ್ಟಿಗೆ ಗೋಡೆ, ಮೇಲೆ ಗಾಜು, ಉಕ್ಕು. ಇಟ್ಟಿಗೆಯ ಮೇಲೆ ಲೀಚ್ ಜಾಲರಿಯ ಗುರುತನ್ನು ಮತ್ತೆ ತಂದಿದ್ದಾರೆ. ದಕ್ಷಿಣದ ಕಡಿದಾದ ಗ್ಯಾಲರಿಯೊಂದರಲ್ಲೇ 13 ಸಾವಿರ ಜನ ಹಿಡಿಸುತ್ತಾರೆ. 2021ರ ಜುಲೈನಲ್ಲಿ ಯುನೆಸ್ಕೊ ಲಿವರ್‌ಪೂಲ್‌ನ ವಿಶ್ವಪರಂಪರೆಯ ಪಟ್ಟವನ್ನು ಕಿತ್ತುಕೊಂಡಿತು. ಕಾರಣಗಳಲ್ಲಿ ಈ ಸ್ಟೇಡಿಯಂ ಕೂಡ ಒಂದು. ಮುಂದಿನ ತಿಂಗಳೇ ಕಾಮಗಾರಿ ಶುರುವಾಯಿತು. ನೀಲಿ ಅಭಿಮಾನಿಗಳಲ್ಲಿ ಯುನೆಸ್ಕೊಗಾಗಿ ಅತ್ತವರು ಹೆಚ್ಚಿರಲಾರರು.

ಆಗ ಬಂತು ನಿಜವಾದ ಹೆದರಿಕೆ. ಮೊಶಿರಿಯ ಹಳೆಯ ವ್ಯವಹಾರ ಪಾಲುದಾರ ರಷ್ಯಾದ ಅಲಿಶೇರ್ ಉಸ್ಮಾನೊವ್. ಅವರಿಗೆ ಸೇರಿದ ಯುಎಸ್‌ಎಂ ಕಂಪನಿ, ಇನ್ನೂ ಕಟ್ಟದ ಸ್ಟೇಡಿಯಂಗೆ ಹೆಸರಿಡುವ ಮೊದಲ ಹಕ್ಕಿಗೆಂದೇ 3 ಕೋಟಿ ಪೌಂಡ್ ಕೊಟ್ಟಿತ್ತು. 2022ರಲ್ಲಿ ರಷ್ಯಾ ಉಕ್ರೇನಿನ ಮೇಲೆ ದಂಡೆತ್ತಿ ಹೋಯಿತು, ಉಸ್ಮಾನೊವ್ ಮೇಲೆ ನಿರ್ಬಂಧ ಬಿತ್ತು, ಆ ಹಣದ ಕೊಳವೆ ಮುಚ್ಚಿತು. ಕಾಂಕ್ರೀಟು ಮಾತ್ರ ಕಾಯುವುದಿಲ್ಲವಲ್ಲ. ಗುತ್ತಿಗೆದಾರರಿಗೆ ಕಂತು ಕಟ್ಟುತ್ತಲೇ ಇರಬೇಕು. ಒಂದು ಸಾಲ, ಅದರ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು.

ಅತ್ತ ಅಂಗಳದಲ್ಲಿ ತಂಡ ಎರಡನೇ ದರ್ಜೆಗೆ ಇಳಿಯುವ ಅಂಚಿಗೆ ಬಂದು ನಿಂತಿತ್ತು. 2023ರ ಮೇ 28, ಋತುವಿನ ಕೊನೇ ದಿನ, ಎದುರಾಳಿ ಬೋರ್ನ್‌ಮತ್. ಗೆದ್ದರೆ ಉಳಿವು. ಅರ್ಧ ಆಟ ಮುಗಿದರೂ ಗೋಲಿಲ್ಲ. 57ನೇ ನಿಮಿಷದಲ್ಲಿ ಪೆನಾಲ್ಟಿ ಅಂಗಳದ ಹೊರಗೆ ಚೆಂಡು ಪುಟಿದು ಬಂತು, ಅಬ್ದುಲಾಯೆ ಡುಕೂರೆ ಓಡಿಬಂದು ಒದ್ದರು, ಗೋಲು. ಪಂದ್ಯ 1–0. ಒಂದು ಒದೆತದ ಬೆಲೆ ಎಷ್ಟಿತ್ತು ಯೋಚಿಸಿ. ಅದು ತಪ್ಪಿದ್ದರೆ ಅರ್ಧ ಕಟ್ಟಿದ ಸ್ಟೇಡಿಯಂ, ತಲೆಯ ಮೇಲೆ ಸಾಲ, ಟಿವಿ ಹಣ ಪಾತಾಳಕ್ಕೆ. ಯಾವ ಹೂಡಿಕೆದಾರ ಆಗ ಬಾಗಿಲು ತಟ್ಟುತ್ತಿದ್ದ?

ಬಂದವರಾದರೂ ಎಂಥವರು! ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಮಯಾಮಿಯ 777 ಪಾರ್ಟ್‌ನರ್ಸ್ ಎಂಬ ಹೂಡಿಕೆ ಕಂಪನಿ ಕ್ಲಬ್ ಕೊಳ್ಳಲು ಒಪ್ಪಂದ ಮಾಡಿಕೊಂಡಿತು. ಇಲ್ಲಿ ಅಭಿಮಾನಿಗಳು ಮಾಡಿದ ಕೆಲಸ ನನಗೆ ತುಂಬ ಮೆಚ್ಚಿಗೆ. ಕಂಪನಿಯ ಕಡತಗಳನ್ನು ತಾವೇ ಹುಡುಕಿ ಓದಿದರು. ಅದರ ಹಿಡಿತದಲ್ಲಿದ್ದ ಇಟಲಿಯ ಜೆನೊವಾ, ಬೆಲ್ಜಿಯಮ್ಮಿನ ಸ್ಟ್ಯಾಂಡರ್ಡ್ ಲಿಯೇಜ್, ಬ್ರೆಜಿಲ್‌ನ ವಾಸ್ಕೊ ಡ ಗಾಮಾ ಕ್ಲಬ್ಬುಗಳ ಪಾಡೇನು ಎಂದು ವಿಚಾರಿಸಿದರು. ಬೆಲ್ಜಿಯಮ್ಮಿನ ಅಭಿಮಾನಿಗಳು ಆಗಲೇ ಬೀದಿಗಿಳಿದಿದ್ದರು. ಬ್ಯಾಲೆನ್ಸ್ ಶೀಟ್ ಎಂದರೇನೆಂದು ಗೊತ್ತಿಲ್ಲದವರೂ ಬಡ್ಡಿ, ಅಡಮಾನ, ಖಾತರಿಗಳ ಬಗ್ಗೆ ಮಾತಾಡತೊಡಗಿದರು. 777 ಇತ್ತ ಕ್ಲಬ್ಬಿಗೆ ಸುಮಾರು 20 ಕೋಟಿ ಪೌಂಡ್ ಸಾಲ ಕೊಟ್ಟು ದಿನ ದೂಡಿಸುತ್ತಿತ್ತು. 2024ರ ಮೇನಲ್ಲಿ ನ್ಯೂಯಾರ್ಕಿನಲ್ಲಿ ಅದರ ಮೇಲೆ ವಂಚನೆಯ ದಾವೆ ಬಿತ್ತು, ಜೂನ್ 1ಕ್ಕೆ ಒಪ್ಪಂದ ಮುರಿಯಿತು. ಈ ನಡುವೆ ಹಣಕಾಸಿನ ನಿಯಮ ಮೀರಿದ್ದಕ್ಕೆ ಪ್ರೀಮಿಯರ್ ಲೀಗ್ ಮೊದಲು 10 ಪಾಯಿಂಟ್ ಕಿತ್ತುಕೊಂಡು, ಮೇಲ್ಮನವಿಯಲ್ಲಿ ಅದನ್ನು 6ಕ್ಕೆ ಇಳಿಸಿ, ಆಮೇಲೆ ಇನ್ನೊಂದು ಪ್ರಕರಣದಲ್ಲಿ 2 ಕಿತ್ತಿತ್ತು. ಸ್ಟೇಡಿಯಂ ಸಾಲದ ಬಡ್ಡಿಯನ್ನು ಯಾವ ಖಾತೆಗೆ ಬರೆಯಬೇಕು ಎಂಬುದೂ ಆ ವ್ಯಾಜ್ಯದ ಭಾಗವಾಗಿತ್ತು.

ಕೊನೆಗೆ ಟೆಕ್ಸಸ್‌ನ ಡ್ಯಾನ್ ಫ್ರೀಡ್ಕಿನ್. ಮೊದಲು ಬಂದರು, 777ರ ಸಾಲದ ಗೋಜಲು ನೋಡಿ ಹಿಂದೆ ಸರಿದರು, ಸೆಪ್ಟೆಂಬರ್‌ನಲ್ಲಿ ಮತ್ತೆ ಬಂದರು. 2024ರ ಡಿಸೆಂಬರ್ 19ಕ್ಕೆ ಕ್ಲಬ್ ಅವರದಾಯಿತು. ಇಟಲಿಯ ರೋಮಾ ಕ್ಲಬ್ಬೂ ಅವರದೇ. ಅಲ್ಲಿನ ಅಭಿಮಾನಿಗಳು ಹೊಸ ಸ್ಟೇಡಿಯಂಗಾಗಿ ಕಾಯುತ್ತಿರುವುದು ಬೇರೆಯೇ ಒಂದು ಪುರಾಣ. ಇಲ್ಲಿ ಮಾತ್ರ ಅವರಿಗೆ ಸಿಕ್ಕಿದ್ದು ಬಹುತೇಕ ಮುಗಿದ ಸ್ಟೇಡಿಯಂ. 2025ರ ಮೇ 18ರಂದು ಗುಡಿಸನ್‌ನಲ್ಲಿ ಪುರುಷರ ತಂಡದ ಕೊನೆಯ ಪಂದ್ಯ ನಡೆಯಿತು. ಆಗಸ್ಟ್ 24ರಂದು ಹೊಸ ಅಂಗಳದಲ್ಲಿ ಮೊದಲ ಲೀಗ್ ಪಂದ್ಯ. ಗುಡಿಸನ್‌ನಲ್ಲಿ ಪುರುಷರ ತಂಡದ ಕೊನೆಯ ಗೋಲೂ ಹೊಸ ಅಂಗಳದ ಮೊದಲ ಲೀಗ್ ಗೋಲೂ ಇಲಿಮಾನ್ ಎನ್‌ಡಿಯಾಯೆಯದೇ. ಹೊಸ ಅಂಗಳಕ್ಕೆ ಈಗ ಹಿಲ್ ಡಿಕಿನ್ಸನ್ ಎಂಬ ವಕೀಲರ ಸಂಸ್ಥೆಯ ಹೆಸರು, ಸುಮಾರು 53 ಸಾವಿರ ಸೀಟು.

ನಮ್ಮ ಬೆಂಗಳೂರಿನ ಸಂಗತಿ ಒಂದೇ ಮಾತಿನಲ್ಲಿ ಹೇಳುತ್ತೇನೆ. ಬೆಂಗಳೂರು ಎಫ್‌ಸಿಗೆ ಸಾಹುಕಾರರಿದ್ದಾರೆ, ಜೆಎಸ್‌ಡಬ್ಲ್ಯು. ಅದು ಆಡುವ ಶ್ರೀ ಕಂಠೀರವ ಕ್ರೀಡಾಂಗಣ ಸರ್ಕಾರದ್ದು. ಅಲ್ಲಿ ಅಂಗಳದ ಸುತ್ತ ಓಟದ ಟ್ರ್ಯಾಕ್ ಇದೆ, ಅಥ್ಲೀಟುಗಳೂ ಅದೇ ಜಾಗ ಬೇಕೆನ್ನುತ್ತಾರೆ, ಅವರ ಬೇಡಿಕೆಯೂ ನ್ಯಾಯವೇ. ಗ್ಯಾಲರಿಯಿಂದ ಅಂಗಳ ದೂರ. ಸಾಹುಕಾರ ಸಿಕ್ಕ ಮಾತ್ರಕ್ಕೆ ಸ್ವಂತ ನೆಲ ಸಿಗುವುದಿಲ್ಲ.

ಇಂಗ್ಲೆಂಡಿನಲ್ಲಿ ಈಗ ಕಾನೂನು ಸ್ವಲ್ಪ ಬದಲಾಗಿದೆ. 2025ರ ಜುಲೈನಲ್ಲಿ ಬಂದ ಫುಟ್‌ಬಾಲ್ ಆಡಳಿತ ಕಾಯ್ದೆಯ ಪ್ರಕಾರ ಕ್ಲಬ್ಬುಗಳ ಮೇಲೆ ಸ್ವತಂತ್ರ ನಿಯಂತ್ರಕರಿರುತ್ತಾರೆ. ಸ್ಟೇಡಿಯಂ ಮಾರಬೇಕಾದರೆ, ಬೇರೆ ಕಡೆ ಹೋಗಬೇಕಾದರೆ ಅವರ ಒಪ್ಪಿಗೆ ಬೇಕು. ಅಭಿಮಾನಿಗಳ ಅಭಿಪ್ರಾಯವನ್ನೂ ಕೇಳಬೇಕು. ಕೇಳಬೇಕು ಅಷ್ಟೇ, ಪಾಲಿಸಬೇಕೆಂದಿಲ್ಲ. ಕರ್ಕ್‌ಬಿ ಬೇಡ ಎಂದವರಿಗೆ ಇಷ್ಟಾದರೂ ಇದ್ದಿದ್ದರೆ ಲೆಕ್ಕಪತ್ರ ತೋರಿಸಿ ಎಂದು ಬೀದಿಯಲ್ಲಿ ಕೂಗಬೇಕಿರಲಿಲ್ಲ.

ಚರ್ಚೆ ನಿಂತಿಲ್ಲ. ಗುಡಿಸನ್ ಕೆಡವಲಿಲ್ಲ, ಮಹಿಳಾ ತಂಡಕ್ಕೆ ಕೊಟ್ಟರು. ಆಮೇಲೆ ಆ ಮಹಿಳಾ ತಂಡವನ್ನೇ ಮಾಲೀಕರ ಇನ್ನೊಂದು ಕಂಪನಿಗೆ ವರ್ಗಾಯಿಸಿದರು. ಇದು ಮಹಿಳಾ ಫುಟ್‌ಬಾಲಿನ ಬೆಳವಣಿಗೆಗೋ, ಲೆಕ್ಕದ ಪುಸ್ತಕ ಸರಿದೂಗಿಸಲಿಕ್ಕೋ ಎಂದು ಅಭಿಮಾನಿಗಳು ಕೇಳುತ್ತಿದ್ದಾರೆ. ಪಂದ್ಯ ಮುಗಿದ ಮೇಲೆ ಸ್ಯಾಂಡ್‌ಹಿಲ್ಸ್ ರೈಲು ನಿಲ್ದಾಣದ ಎದುರಿನ ಉದ್ದನೆಯ ಸಾಲಿನಲ್ಲಿ ನಿಂತು ಗೊಣಗುವುದಂತೂ ಇದ್ದೇ ಇದೆ. ಎಷ್ಟು ರೈಲು ಬಿಡುತ್ತೀರಿ, ಬೀದಿಯ ಪಾರ್ಕಿಂಗ್‌ಗೆ ಯಾಕೆ ತಡೆ, ಟಿಕೆಟ್ ದರ ಮುಂದಿನ ವರ್ಷ ಎಷ್ಟು.

ನಮಸ್ಕಾರ.