ಸುರಪುರದ ಗುಡ್ಡದ ಮೇಲೆ ಎಂಥ ಫಲಕ ಬೇಕು?

ಮಾನ್ಯರೇ,

ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ನಿಲ್ಲಿಸುವ ನೀಲಿ ಫಲಕವನ್ನು ನಾವೆಲ್ಲ ಓದಿದ್ದೇವೆ. 1958ರ ಕಾಯ್ದೆಯಂತೆ ಈ ಸ್ಮಾರಕ ರಾಷ್ಟ್ರೀಯ ಮಹತ್ವದ್ದು, ಹಾನಿ ಮಾಡಿದವರಿಗೆ 2 ವರ್ಷದವರೆಗೆ ಸೆರೆವಾಸ ಅಥವಾ 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಎಂದು ಅದು ಎಚ್ಚರಿಸುತ್ತದೆ. ಕಾನೂನಿಗೆ ಅಷ್ಟು ಸಾಕು. ಆದರೆ ಇಲ್ಲಿ ಏನು ನಡೆಯಿತು, ನಡೆಯಿತೆಂದು ಹೇಳಿದವರು ಯಾರು ಎಂಬುದನ್ನೂ ಫಲಕ ತಿಳಿಸಬೇಕೆಂಬುದು ನನ್ನ ವಾದ. ಸುರಪುರದಲ್ಲಿ ಈ ಮಾತಿಗೆ ಹೆಚ್ಚು ತೂಕವಿದೆ. ಏಕೆಂದರೆ ಈ ಊರಿನ ಹತ್ತೊಂಬತ್ತನೆಯ ಶತಮಾನದ ಕಥೆಯ ಬಹುಭಾಗ ನಮಗೆ ದಕ್ಕಿರುವುದು ಒಬ್ಬನೇ ಅಧಿಕಾರಿಯ ಬರಹದಿಂದ.

ಆ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್. 1808ರಲ್ಲಿ ಲಿವರ್‌ಪೂಲ್‌ನಲ್ಲಿ ಹುಟ್ಟಿ, ನಿಜಾಮನ ಸೈನ್ಯದಲ್ಲಿ ಸೇವೆಗೆ ಸೇರಿದ ಆತ, 1840ರ ದಶಕದ ಆರಂಭದಿಂದ 1853ರವರೆಗೆ ಬಾಲಕ ದೊರೆ ರಾಜಾ ವೆಂಕಟಪ್ಪ ನಾಯಕನ ಪರವಾಗಿ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡ. ಬೋನಾಳದ ಕೆರೆಯ ಕೆಲಸ ಮಾಡಿಸಿದ್ದೂ, ಗುಡ್ಡದ ಮೇಲೆ ಇಂದಿಗೂ ಟೇಲರ್ ಮಂಜಿಲ್ ಎಂದು ಕರೆಸಿಕೊಳ್ಳುವ ಬಂಗಲೆಯನ್ನು 1844ರಲ್ಲಿ ಕಟ್ಟಿಸಿದ್ದೂ ಆತನೇ. ಆ ಬಂಗಲೆಗೆ ಹೆಸರೇ ಫಲಕವಾಗಿಬಿಟ್ಟಿದೆ, ಬೇರೆ ಪರಿಚಯ ಕೇಳುವವರು ಕಡಿಮೆ. ವಾಗಿನಗೇರಿಯಲ್ಲಿ 1705ರಲ್ಲಿ ಔರಂಗಜೇಬನನ್ನೇ ಎದುರಿಸಿ ನಿಂತ ನಾಯಕ ಮನೆತನದ ಊರಿಗೆ ಇದು ಸ್ವಲ್ಪ ವಿಚಿತ್ರ ಸಂಗತಿ.

1858ರ ಫೆಬ್ರವರಿಯಲ್ಲಿ ಸುರಪುರದಲ್ಲಿ ಬ್ರಿಟಿಷರ ವಿರುದ್ಧ ಬಂಡಾಯ ಎದ್ದಿತು. ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿ ಎಂಬ ಇಂಗ್ಲಿಷ್ ಅಧಿಕಾರಿ ಸತ್ತ. ಹೆಚ್ಚಿನ ಸೈನ್ಯ ಬರುತ್ತಿದ್ದಂತೆ ವೆಂಕಟಪ್ಪ ನಾಯಕ ಹೈದರಾಬಾದಿಗೆ ಹೋಗಿ ಅಲ್ಲಿ ಸೆರೆ ಸಿಕ್ಕ. ಸಿಕಂದರಾಬಾದಿನ ಸೆರೆಯಲ್ಲಿ ಆತನನ್ನು ಕಂಡ ಟೇಲರ್, ಪ್ರಚೋದಿಸಿದವರ ಹೆಸರು ಹೇಳೆಂದು ಕೇಳಿದರೂ, ತನ್ನನ್ನು ‘ಅಪ್ಪ’ ಎಂದೇ ಕರೆಯುತ್ತಿದ್ದ ಆ ತರುಣ ಯಾರ ಹೆಸರನ್ನೂ ಬಿಟ್ಟುಕೊಡಲಿಲ್ಲವೆಂದು ಬರೆದಿದ್ದಾನೆ. ಮರಣದಂಡನೆ ಮೊದಲು ಕರಿನೀರ ಶಿಕ್ಷೆಯಾಗಿ, ಬಳಿಕ ಚೆಂಗಲ್ಪಟ್ಟು ಕೋಟೆಯಲ್ಲಿ 4 ವರ್ಷದ ಸೆರೆಯಾಗಿ ಇಳಿಯಿತು. ಆ ಕೋಟೆಗೆ ಕರೆದೊಯ್ಯುವ ದಾರಿಯಲ್ಲಿ, ಮೇ ತಿಂಗಳಲ್ಲಿ, ಕಾವಲಿನ ಅಧಿಕಾರಿ ಪಿಸ್ತೂಲಿದ್ದ ಪಟ್ಟಿಯನ್ನು ಕುರ್ಚಿಗೆ ತೂಗುಹಾಕಿ ಡೇರೆಯಿಂದ ಹೊರಗೆ ಹೋದಾಗ ಗುಂಡಿನ ಸದ್ದಾಯಿತು, ಓಡಿ ಬಂದು ನೋಡಿದರೆ ದೊರೆ ಸತ್ತು ಬಿದ್ದಿದ್ದ.

ಈ ದೃಶ್ಯವನ್ನು ನಾವು ಕಂಡಷ್ಟೇ ಖಚಿತವಾಗಿ ಹೇಳುತ್ತೇವೆ. ಟೇಲರ್ ಆಗ ಸ್ಥಳದಲ್ಲಿರಲಿಲ್ಲ. ಅವನಿಗೆ ಸುದ್ದಿ ಬಂದದ್ದು ಬೇರೆಯವರಿಂದ, ಅವನ ಆತ್ಮಕಥೆ ಅಚ್ಚಾದದ್ದು ಅವನು ತೀರಿಕೊಂಡ ಮೇಲೆ, 1877ರಲ್ಲಿ. ಎಂದರೆ ಸೆರೆಯಾಳಿನ ಸಾವಿನ ಬಗ್ಗೆ ನಮ್ಮ ಕೈಯಲ್ಲಿರುವುದು ಸೆರೆಯಿಟ್ಟವರ ಹೇಳಿಕೆ. ಅದು ಸುಳ್ಳೆಂದು ನಾನು ಹೇಳುತ್ತಿಲ್ಲ. ಆತ್ಮಹತ್ಯೆಯೋ, ಕೈತಪ್ಪಿ ಹಾರಿದ ಗುಂಡೋ, ಕೊಲೆಯೋ ಎಂಬ ಸಂಶಯಕ್ಕೆ ಎಡೆಯಿರುವಾಗ, ‘ಆತ್ಮಹತ್ಯೆ ಮಾಡಿಕೊಂಡನು’ ಎಂದಾಗಲಿ ‘ಬ್ರಿಟಿಷರು ಕೊಂದರು’ ಎಂದಾಗಲಿ ಕಲ್ಲಿನಲ್ಲಿ ಕೆತ್ತಿಸುವುದು ಸರಿಯಲ್ಲ. ‘ಟೇಲರ್ ಬರೆದಿರುವಂತೆ’ ಎಂಬ ಎರಡೇ ಪದ ಸೇರಿದರೆ ಫಲಕ ಪ್ರಾಮಾಣಿಕವಾಗುತ್ತದೆ. ಅದರ ಪಕ್ಕದಲ್ಲೇ, 1860ರಲ್ಲಿ ಸಂಸ್ಥಾನವನ್ನು ನಿಜಾಮನಿಗೆ ಒಪ್ಪಿಸಲಾಯಿತೆಂಬ, ಯಾರೂ ಅಲ್ಲಗಳೆಯದ ಸಂಗತಿಯನ್ನು ನೇರವಾಗಿ ಬರೆಯಬಹುದು.

ಟೇಲರನಿಗೆ ಸಲ್ಲಬೇಕಾದದ್ದೂ ಸಲ್ಲಲಿ. ರಾಜನಕೋಳೂರು, ಹಗರಟಗಿಗಳ ಬೃಹತ್ ಶಿಲಾ ಸಮಾಧಿಗಳನ್ನು ಅಳೆದು, ಚಿತ್ರ ಬರೆದು, ವಿದ್ವಾಂಸರ ಗಮನಕ್ಕೆ ತಂದವರಲ್ಲಿ ಆತ ಮೊದಲಿಗ. ಅವುಗಳ ಕೆಲವು ಚಪ್ಪಡಿಗಳು ಹಳ್ಳಿಯ ಕಟ್ಟೆ, ಗೋಡೆಗಳಿಗೆ ಹೋಗುವ ಅಪಾಯ ಇಂದಿಗೂ ತಪ್ಪಿಲ್ಲ. ಶಹಾಪುರದ ಬಳಿಯ ವಿಭೂತಿಹಳ್ಳಿಯಲ್ಲಿ ಸಾಲುಸಾಲಾಗಿ ನಿಂತ ಪ್ರಾಚೀನ ಗುಂಡುಕಲ್ಲುಗಳಂತೂ ದಾರಿಹೋಕರ ಕಣ್ಣಿಗೆ ಬರೀ ಹೊಲದ ಕಲ್ಲುಗಳೇ. ಇಂಥಲ್ಲಿ ದಂಡದ ಎಚ್ಚರಿಕೆಗಿಂತ ಪರಿಚಯದ ನಾಲ್ಕು ಸಾಲು ಹೆಚ್ಚು ಕಾವಲು ಕಾಯುತ್ತದೆ.

ಇನ್ನು ನಮ್ಮ ನಗರಸಭೆಯವರಿಗೆ ಒಂದು ವ್ಯಾವಹಾರಿಕ ಮಾತು. ತಗಡಿನ ಫಲಕ ನಮ್ಮ ಬಿಸಿಲಿಗೆ ಬೇಗ ಬಣ್ಣ ಕಳೆದುಕೊಳ್ಳುತ್ತದೆ. ಶಹಾಬಾದ್ ಪರಸಿ ಅಗ್ಗ, ಆದರೆ ಮಳೆ ಬಿಸಿಲಿಗೆ ಪದರು ಪದರಾಗಿ ಏಳುತ್ತದೆ. ಸುರಪುರದ ಗುಡ್ಡಗಳ ಗ್ರಾನೈಟೇ ಹತ್ತಿರವಿರುವಾಗ ಅದನ್ನೇ ಬಳಸಬೇಕು. ಕನ್ನಡದ ಜೊತೆಗೆ ಉರ್ದುವೂ ಇರಲಿ, ಏಕೆಂದರೆ ನಿಜಾಮರ ಕಾಲದ ದಾಖಲೆಯನ್ನೂ ಇಂದಿನ ಊರಿನ ಓದುಗರನ್ನೂ ಅದು ತಲುಪುತ್ತದೆ. ಮೊದಲ ಫಲಕ ಟೇಲರ್ ಮಂಜಿಲ್‌ಗೆ ಬೇಡ, ಅದರ ಹೆಸರು ಎಲ್ಲರಿಗೂ ಗೊತ್ತು. ಹಾಲೋಕುಳಿಯ ದಿನ ಕಂಬ ಹತ್ತುವುದನ್ನು ನೋಡಲು ಸುತ್ತಲಿನ ಹಳ್ಳಿಗಳ ಜನ ನೆರೆಯುವ ವೇಣುಗೋಪಾಲಸ್ವಾಮಿ ಗುಡಿಯ ಬಯಲಿನಲ್ಲಿ, ನಿಂತು ಓದಲು ಅನುಕೂಲವಾಗುವ ಎತ್ತರದಲ್ಲಿ, ವೆಂಕಟಪ್ಪ ನಾಯಕನ ಫಲಕ ಮೊದಲು ನಿಲ್ಲಲಿ.