ಮಿಕ್ಸಿಂಗ್ ಟೆಂಟಿನ ಎಡಮೂಲೆ

ಬೆಳಗ್ಗೆ ಆರು ಗಂಟೆ. ನೀವು ನೋಡುತ್ತಿರುವುದು ಖಾಲಿ ಮೈದಾನ. ಸಂಜೆ ಹೊತ್ತಿಗೆ ಇಲ್ಲಿ ಕಾಲಿಡಲೂ ಜಾಗ ಇರುವುದಿಲ್ಲ. ಸದ್ಯಕ್ಕೆ ಇಬ್ಬರು ಕೆಲಸಗಾರರು ಕೇಬಲ್ ಎಳೆಯುತ್ತಿದ್ದಾರೆ, ಅವರ ಹಿಂದೆ ಒಂದು ನಾಯಿ ಅಡ್ಡಾಡುತ್ತಿದೆ. ಅದು ಒಳಗೆ ಹೇಗೆ ಬಂತೋ! ಕಾಲಿಗೆ ರಿಸ್ಟ್ ಬ್ಯಾಂಡ್ ಕೂಡ ಇಲ್ಲ.

ನನಗೆ ಇದು 14ನೇ ವರ್ಷ. ಅದೇ ಫೆಸ್ಟಿವಲ್, ಅದೇ ಮೈದಾನ. "ಪ್ರತಿ ವರ್ಷ ಅಲ್ಲಿಗೇ ಹೋಗೋಕೆ ಬೇಜಾರಾಗಲ್ವಾ?" ಅಂತ ಕೇಳುವವರಿದ್ದಾರೆ. ಬೇಜಾರಾಗುವುದು ಗೇಟಿನ ಸಾಲಿನಲ್ಲಿ ನಿಂತಾಗ. ಒಳಗೆ ಬಂದ ಮೇಲೆ ಇಲ್ಲ. ಯಾಕೆಂದರೆ ಇಷ್ಟು ವರ್ಷದಲ್ಲಿ ನಾನು ಒಂದೇ ಕಡೆ ನಿಂತು ಹಾಡು ಕೇಳಿಲ್ಲ. ಸ್ಟೇಜಿನಿಂದ ಸ್ವಲ್ಪ ಸ್ವಲ್ಪವೇ ಹಿಂದಕ್ಕೆ ಸರಿಯುತ್ತಾ ಬಂದಿದ್ದೇನೆ. ಇವತ್ತಿನ ವಿಡಿಯೊ ಆ ಹಿಂದೆ ಸರಿದ ಕಥೆ.

ಮೊದಲು ಟೆಂಟಿನ ಕೆಲಸ ಮುಗಿಸಿಬಿಡೋಣ. ನೋಡಿ, ಸ್ವಲ್ಪ ಎತ್ತರದ ಜಾಗ ಹಿಡಿದಿದ್ದೇನೆ. ಮೂರನೇ ವರ್ಷ ತಗ್ಗಿನಲ್ಲಿ ಹಾಕಿದ್ದೆ. ಮೆತ್ತಗಿನ ಹುಲ್ಲು, ಗಾಳಿಯೂ ಇಲ್ಲ, ಇಂಥ ಜಾಗ ಬಿಟ್ಟು ಉಳಿದವರು ಮೇಲೆ ಯಾಕೆ ಹೋದರು ಅಂದುಕೊಂಡೆ. ರಾತ್ರಿ ಮಳೆ ಬಂದಾಗ ಗೊತ್ತಾಯಿತು. ಎಚ್ಚರವಾದಾಗ ನನ್ನ ಒಂದು ಬೂಟು ತೇಲುತ್ತಿತ್ತು. ಇನ್ನೊಂದು ಇವತ್ತಿಗೂ ಸಿಕ್ಕಿಲ್ಲ. ಟೆಂಟಿನ ವಿಷಯ ಇಷ್ಟೇ, ಮುಂದೆ ಹೋಗೋಣ.

ಇದು ಮುಂದಿನ ಬ್ಯಾರಿಕೇಡ್. ಮೊದಲ ನಾಲ್ಕು ವರ್ಷ ನಾನು ಈ ಕಂಬಿ ಬಿಟ್ಟು ಅಲುಗಾಡಿದವಳೇ ಅಲ್ಲ. ಮಧ್ಯಾಹ್ನವೇ ಬಂದು ಹಿಡಿದರೆ ರಾತ್ರಿ ಕೊನೆಯ ಹಾಡಿನವರೆಗೂ ಅಲ್ಲೇ. ನೀರು ಕುಡಿದರೆ ಟಾಯ್ಲೆಟ್ಟಿಗೆ ಹೋಗಬೇಕಾಗುತ್ತದೆ ಅಂತ ನೀರೂ ಕುಡಿಯುತ್ತಿರಲಿಲ್ಲ. ಎಂಥಾ ದಡ್ಡತನ, ಅಲ್ವಾ? ಆದರೆ ಗಿಟಾರ್ ನುಡಿಸುವವರ ಬೆರಳು ಕಾಣುತ್ತಿತ್ತು. ಬಾಸ್, ಅಂದರೆ ಆ ತಗ್ಗು ಸ್ವರದ ಗುಡುಗು, ಎದೆಗೂಡಿನಲ್ಲೇ ಹೊಡೆದುಕೊಳ್ಳುತ್ತಿತ್ತು. ಆ ಸುಖ ಇರಲಿಲ್ಲ ಅಂದರೆ ಸುಳ್ಳಾಗುತ್ತದೆ.

ಹಾಡು ಸರಿಯಾಗಿ ಕೇಳುತ್ತಿತ್ತಾ? ಇಲ್ಲ. ಸ್ಟೇಜಿನ ಎರಡೂ ಬದಿಯಲ್ಲಿ ಬಾಳೆಗೊನೆ ಹಾಗೆ ನೇತಾಡುವ ಸ್ಪೀಕರ್‌ಗಳನ್ನು ನೋಡಿ. ಅವುಗಳ ಗುರಿ ಹೆಚ್ಚಾಗಿ ಹಿಂದಿನ ಜನ. ಬಾಸ್ ಪೆಟ್ಟಿಗೆಗಳು ಮಾತ್ರ ಕೆಳಗೆ, ನಿಮ್ಮ ಹೊಟ್ಟೆಯ ಎದುರಿಗೇ. ಮುಂದಿನ ಸಾಲಿನವರಿಗೆಂದು ಸ್ಟೇಜಿನ ಅಂಚಿನಲ್ಲಿ ಚಿಕ್ಕ ಸ್ಪೀಕರ್ ಇಡುತ್ತಾರೆ, ಆದರೂ ಎಷ್ಟೋ ಸಲ ಡ್ರಮ್ ಜಾಸ್ತಿ, ಮಾತು ಕಡಿಮೆ. ನಾಲ್ಕು ವರ್ಷ ತಪ್ಪು ಸಾಲು ಹಾಡಿಕೊಂಡು ಕುಣಿದಿದ್ದೇನೆ.

ಐದನೇ ವರ್ಷ ಒಂದು ಹಾಡಿನ ಮಧ್ಯೆ ನನ್ನ ಕಾಲು ನೆಲ ಬಿಟ್ಟಿತು. ಹಾರಿದ್ದಲ್ಲ. ಸುತ್ತಲಿನ ಜನರ ಒತ್ತಡವೇ ನನ್ನನ್ನು ಎತ್ತಿತ್ತು. ನಾಲ್ಕೈದು ಸೆಕೆಂಡ್ ಇರಬಹುದು. ಉಸಿರು ಒಳಗೆ ಹೋಗಲಿಲ್ಲ. 2000ದಲ್ಲಿ ಡೆನ್ಮಾರ್ಕಿನ ರೋಸ್ಕಿಲ್ಡೆ ಫೆಸ್ಟಿವಲ್‌ನಲ್ಲಿ ಇಂಥದೇ ನೂಕುನುಗ್ಗಲಿಗೆ ಸ್ಟೇಜಿನ ಮುಂದೆ 9 ಮಂದಿ ಸತ್ತಿದ್ದರು. ಅದನ್ನು ಓದಿದ್ದೆ. ಓದಿದ್ದು ಮೈಗೆ ಅರ್ಥವಾದದ್ದು ಅವತ್ತು. ಅಂಥ ಕಡೆ ಸಿಕ್ಕಿಕೊಂಡರೆ ಎರಡೂ ಕೈ ಎದೆಯ ಮುಂದೆ ಮಡಚಿ ಹಿಡಿಯಿರಿ, ಉಸಿರಿಗೆ ಜಾಗ ಇರುತ್ತದೆ. ಅಲೆಯ ಎದುರು ತಳ್ಳಬೇಡಿ. ಅದು ಸಡಿಲವಾದಾಗ ಓರೆಯಾಗಿ ಪಕ್ಕಕ್ಕೆ ಸರಿಯಿರಿ. ಮೊಬೈಲ್ ಬಿದ್ದರೆ ಬೀಳಲಿ, ಬಗ್ಗಬೇಡಿ.

ಮುಂದಿನ ವರ್ಷ ಜನ ಕಡಿಮೆ ಅಂತ ಬಲಗಡೆಯ ಸ್ಪೀಕರ್ ಪಕ್ಕಕ್ಕೆ ಹೋದೆ. ಅಲ್ಲಿ ಜನ ಯಾಕೆ ಕಡಿಮೆ ಅನ್ನುವುದನ್ನು ಯೋಚಿಸಲಿಲ್ಲ! ಮೂರು ದಿನ ಕಿವಿಯಲ್ಲಿ ಕುಕ್ಕರ್ ಸೀಟಿ. ನನ್ನ ಅದೃಷ್ಟ, ನಾಲ್ಕನೇ ದಿನ ನಿಂತಿತು. ಕೆಲವರಿಗೆ ನಿಲ್ಲುವುದೇ ಇಲ್ಲ.

ಆಮೇಲೆ ಕೂತು ಓದಿದೆ. ದಿನಕ್ಕೆ 8 ಗಂಟೆ 85 ಡೆಸಿಬಲ್, ಇದು ಕೆಲಸದ ಜಾಗಗಳಿಗೆ ಅಮೆರಿಕದ ಸಂಶೋಧನಾ ಸಂಸ್ಥೆಯೊಂದು ಹೇಳುವ ಮಿತಿ. ಅಲ್ಲಿಂದ ಪ್ರತಿ 3 ಡೆಸಿಬಲ್ ಏರಿದಂತೆ ಸಮಯ ಅರ್ಧ ಅರ್ಧ ಆಗುತ್ತಾ ಹೋಗುತ್ತದೆ. 100 ಡೆಸಿಬಲ್‌ಗೆ ಬಂದರೆ ಉಳಿಯುವುದು 15 ನಿಮಿಷ. ಅಂದರೆ ಮೂರನೇ ಹಾಡು ಮುಗಿಯುವಷ್ಟರಲ್ಲಿ ನಿಮ್ಮ ದಿನದ ಪಾಲು ಖಾಲಿ. ಕಾರ್ಯಕ್ರಮಗಳಲ್ಲಿ ಸರಾಸರಿ ಸದ್ದು 100 ಡೆಸಿಬಲ್ ದಾಟಬಾರದು ಅಂತ 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಹೇಳಿದೆ. ಈಗ ನನ್ನ ಜೇಬಿನಲ್ಲಿ ಯಾವಾಗಲೂ ಇಯರ್ ಪ್ಲಗ್ ಇರುತ್ತದೆ. ಸ್ಪಂಜಿನದು ಹಾಕಿಕೊಂಡರೆ ಹಾಡು ಕಂಬಳಿಯೊಳಗಿಂದ ಬಂದ ಹಾಗೆ ಇರುತ್ತದೆ. ಸಂಗೀತಕ್ಕೆಂದೇ ಮಾಡಿದ ಫಿಲ್ಟರ್ ಇರುವುದು ತಗೊಳ್ಳಿ, ಎಲ್ಲ ಸ್ವರವನ್ನೂ ಹೆಚ್ಚುಕಡಿಮೆ ಒಂದೇ ಸಮ ತಗ್ಗಿಸುತ್ತದೆ.

ಈಗ ಬನ್ನಿ, ನನ್ನ ಜಾಗ ತೋರಿಸುತ್ತೇನೆ. ಮೈದಾನದ ನಡುವೆ ಕಪ್ಪು ಟೆಂಟ್ ಕಾಣುತ್ತಿದೆಯಲ್ಲ, ಅದು ಮಿಕ್ಸಿಂಗ್ ಟೆಂಟ್. ಯಾವ ವಾದ್ಯ ಎಷ್ಟು ಕೇಳಬೇಕು ಅನ್ನುವುದನ್ನು ಸೌಂಡ್ ಎಂಜಿನಿಯರ್ ಇಲ್ಲೇ ನಿಂತು, ತನ್ನ ಕಿವಿಗೆ ಕೇಳಿಸಿದ ಹಾಗೆ ಹದ ಮಾಡುತ್ತಾರೆ. ಅವರ ಪಕ್ಕ ನಿಂತರೆ ಅವರಿಗೆ ಕೇಳಿದ್ದೇ ನಿಮಗೂ ಕೇಳುತ್ತದೆ. ಅಡುಗೆ ಮಾಡುವವರ ಪಕ್ಕದಲ್ಲೇ ಎಲೆ ಹಾಕಿ ಕೂತ ಹಾಗೆ.

ಅದರ ಹಿಂದೆ ಇನ್ನೊಂದು ಸ್ಪೀಕರ್ ಗೋಪುರ ಇದೆ ನೋಡಿ. ನನಗೆ ಈ ಮೈದಾನದಲ್ಲಿ ತುಂಬಾ ಇಷ್ಟವಾದ ವಸ್ತು ಅದು. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಸ್ಟೇಜಿನಿಂದ 100 ಮೀಟರ್ ದೂರ ನಿಂತವರಿಗೆ ಹಾಡು ಸುಮಾರು 0.3 ಸೆಕೆಂಡ್ ತಡ. ಕೇಬಲ್‌ನಲ್ಲಿ ಹೋಗುವ ಸಿಗ್ನಲ್‌ಗೆ ಆ ತಡವೇ ಇಲ್ಲ. ಹಾಗಾಗಿ ಗೋಪುರದ ಸ್ಪೀಕರನ್ನು ಸುಮ್ನೆ ಬಿಟ್ಟರೆ ಅದು ಮೊದಲು ಹಾಡಿಬಿಡುತ್ತದೆ, ಸ್ಟೇಜಿನ ಸದ್ದು ಆಮೇಲೆ ಬಂದು ಅಣಕಿಸುತ್ತದೆ. ಅದಕ್ಕೇ ಗೋಪುರದ ಸದ್ದನ್ನು ಬೇಕೆಂದೇ ಅಷ್ಟು ತಡ ಮಾಡಿಸುತ್ತಾರೆ. 1973ರಲ್ಲಿ ಅಮೆರಿಕದ ವಾಟ್ಕಿನ್ಸ್ ಗ್ಲೆನ್‌ನಲ್ಲಿ ಸುಮಾರು 6 ಲಕ್ಷ ಜನ ಸೇರಿದ್ದಾಗ, ಹೀಗೆ ತಡ ಮಾಡಿಸಲು ಡಿಜಿಟಲ್ ಯಂತ್ರ ಬಳಸಿದ್ದರು. ಆ ಕಾಲಕ್ಕೆ ಅದು ಹೊಚ್ಚ ಹೊಸದು.

ಇನ್ನೊಂದು ವಿಷಯ. ಗಾಳಿ ತಣ್ಣಗಾದರೆ ಶಬ್ದ ನಿಧಾನವಾಗುತ್ತದೆ. ಹಾಗಾಗಿ ಮಧ್ಯಾಹ್ನ ಕೂಡಿಸಿದ ಲೆಕ್ಕ ರಾತ್ರಿಗೆ ಪೂರ್ತಿ ಹೊಂದುವುದಿಲ್ಲ. ಕತ್ತಲಾದ ಮೇಲೆ ಟೆಂಟಿನೊಳಗೆ ಯಾರೋ ಸದ್ದಿಲ್ಲದೆ ಅದನ್ನು ತಿದ್ದುತ್ತಾರೆ. ಇಷ್ಟು ಜನರಲ್ಲಿ ಯಾರೂ ಚಪ್ಪಾಳೆ ಹೊಡೆಯದ ಕೆಲಸ ಅದು.

ಈಗ ರಾತ್ರಿ. ನಾನು ಎಡಮೂಲೆಯಲ್ಲಿದ್ದೇನೆ. ಇಲ್ಲಿ ನನಗೊಬ್ಬ ಪರಿಚಯದವರಿದ್ದಾರೆ, ಕೆಂಪು ಟೋಪಿಯವರು. ಎಂಟು ವರ್ಷದಿಂದ ಇದೇ ಮೂಲೆಯಲ್ಲಿ ಸಿಗುತ್ತಾರೆ. ಹೆಸರು ನಾನೂ ಕೇಳಿಲ್ಲ, ಅವರೂ ಕೇಳಿಲ್ಲ. "ಬಂದ್ರಾ?" ಅಂತ ಅವರು. "ಬಂದೆ" ಅಂತ ನಾನು. ವರ್ಷಕ್ಕೆ ಅಷ್ಟೇ ಮಾತು.

ಈ ಸಲ ಅವರು ಕಾಣಲಿಲ್ಲ. ಎರಡು ತಂಡ ಹಾಡಿ ಹೋದವು. ನಾನು ಹಾಡಿಗಿಂತ ಜಾಸ್ತಿ ಪಕ್ಕಕ್ಕೇ ನೋಡುತ್ತಿದ್ದೆ. ಏನೇನೋ ಯೋಚನೆ. ವಯಸ್ಸಾದವರು ಬೇರೆ.

ಕೊನೆಯ ತಂಡಕ್ಕೆ ಮುಂಚೆ ಹಿಂದಿನಿಂದ ದನಿ ಬಂತು. "ಬಂದ್ರಾ?"

ತಿರುಗಿದರೆ ಗೋಪುರದ ಹತ್ತಿರ ಕೆಂಪು ಟೋಪಿ. ಸಂಜೆಯಿಂದಲೂ ಅಲ್ಲೇ ಇದ್ದರಂತೆ. "ಅಲ್ಲಿ ಯಾಕೆ ಸಾರ್?" ಅಂದೆ.

"ಇಲ್ಲಿ ಬೇಲಿ ಇದೆ. ಮಂಡಿ ನೋವು, ಒರಗಬಹುದು."

ಕೊನೆಯ ಹಾಡನ್ನು ಅಲ್ಲಿಂದಲೇ ಶೂಟ್ ಮಾಡಿದ್ದೇನೆ. ದೊಡ್ಡ ಪರದೆಯಲ್ಲಿ ಡ್ರಮ್ ಕೋಲು ಬಿದ್ದ ಮೇಲೆ ಸದ್ದು ಬರುತ್ತದೆ, ಗಮನಿಸಿ. ಚಿತ್ರ ಸ್ವಲ್ಪ ಅಲುಗಾಡಿದೆ. ಬೇಲಿ ಅಲುಗಾಡುತ್ತಿತ್ತು. ನಾವಿಬ್ಬರೂ ಕುಣಿಯುತ್ತಿದ್ದೆವು ಅಂತ ಯಾರಾದರೂ ಹೇಳಿದರೆ ನಂಬಬೇಡಿ.