ಮಾತ್ರೆಯೊಂದು, ಮಿದುಳಲ್ಲಿ ಅದರ ಕೆಲಸ ಹಲವು

ಕೇಳುಗರಿಗೆ ನಮಸ್ಕಾರ. ಖಿನ್ನತೆಯ ಮಾತ್ರೆ ಅಂದ ಕೂಡಲೇ ನರಕೋಶಗಳ ನಡುವೆ ಸಂದೇಶ ಸಾಗಿಸುವ ಸೆರೊಟೋನಿನ್ ಎಂಬ ರಾಸಾಯನಿಕದ ಹೆಸರು ಬರುತ್ತದೆ, ಅಲ್ವಾ? ಆದರೆ ಎಲ್ಲ ಮಾತ್ರೆಗಳೂ ಒಂದೇ ದಾರಿ ಹಿಡಿಯುವುದಿಲ್ಲ. ಇವತ್ತು ಮಿರ್ಟಾಜಪಿನ್ ಎಂಬ ಒಂದೇ ಔಷಧದ ಬಗ್ಗೆ ಮಾತಾಡುತ್ತೇನೆ. ಅಮೆರಿಕದಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿದ್ದು 1996ರಲ್ಲಿ.

ಕೆಲವು ನರಕೋಶಗಳು ನಾರ್‌ಅಡ್ರೆನಲಿನ್ ಎಂಬ ಇನ್ನೊಂದು ರಾಸಾಯನಿಕವನ್ನು ಹೊರಬಿಡುತ್ತವೆ. ಅದು ಜಾಸ್ತಿಯಾದರೆ ಅದೇ ಕೋಶದ ಮೇಲಿರುವ ಆಲ್ಫಾ-2 ರಿಸೆಪ್ಟರ್, ಅಂದರೆ ರಾಸಾಯನಿಕ ಬಂದು ಕೂರುವ ಒಂದು ಜಾಗ, 'ಇನ್ನು ಸಾಕು' ಎಂದು ತಡೆಯುತ್ತದೆ. ಗಾಡಿಯ ಬ್ರೇಕ್ ಇದ್ದ ಹಾಗೆ. ಮಿರ್ಟಾಜಪಿನ್ ಈ ಬ್ರೇಕ್ ಬೀಳದಂತೆ ಮಾಡುತ್ತದೆ. ಆಗ ನಾರ್‌ಅಡ್ರೆನಲಿನ್ ಜೊತೆಗೆ ಸೆರೊಟೋನಿನ್ ಕೂಡ ಹೆಚ್ಚು ಹೊರಬರುತ್ತದೆ.

ಸೆರೊಟೋನಿನ್ ಹೆಚ್ಚಿಸುವ ಬೇರೆ ಮಾತ್ರೆಗಳಲ್ಲಿ ವಾಕರಿಕೆ, ಲೈಂಗಿಕ ತೊಂದರೆ ಸಾಮಾನ್ಯ. ಇದರಲ್ಲಿ ಅವು ಕಡಿಮೆ. ಸೆರೊಟೋನಿನ್ನಿನ ಎರಡನೇ ಮತ್ತು ಮೂರನೇ ಬಗೆಯ ರಿಸೆಪ್ಟರ್‌ಗಳನ್ನು ಇದು ಮುಚ್ಚಿಬಿಡುವುದೇ ಅದಕ್ಕೆ ಕಾರಣ ಎನ್ನುತ್ತಾರೆ.

ನಮ್ಮನ್ನು ಎಚ್ಚರವಾಗಿಡುವ ಹಿಸ್ಟಮಿನ್ ಎಂಬ ರಾಸಾಯನಿಕದ ರಿಸೆಪ್ಟರನ್ನಂತೂ ಬಲವಾಗಿಯೇ ಮುಚ್ಚುತ್ತದೆ. ಅದಕ್ಕೇ ಮೊದಲ ರಾತ್ರಿಯೇ ಗಾಢ ನಿದ್ದೆ. ಹಸಿವು ಏರುತ್ತದೆ, ತೂಕವೂ ಏರಬಹುದು. ನಿದ್ದೆಯಿಲ್ಲದೆ, ಊಟ ಸೇರದೆ ಸೊರಗಿದವರಿಗೆ ಇದೇ ವರ. ಮೊದಲೇ ತೂಕ ಜಾಸ್ತಿ ಇರುವವರಿಗೆ ಇದೇ ಕಾಟ. ಹಾಗಾಗಿ ಅಡ್ಡಪರಿಣಾಮ ಅಂತ ಬೇರೆ ಪಟ್ಟಿ ಮಾಡುವುದು ನನಗೆ ಅಷ್ಟು ಸರಿ ಕಾಣುವುದಿಲ್ಲ. ಇನ್ನೊಂದು ವಿಷಯ. ರಿಸೆಪ್ಟರ್ ಮುಚ್ಚಲು ಕೆಲವೇ ಗಂಟೆ ಸಾಕು. ಮನಸ್ಸು ಹಗುರಾಗಲು ಮಾತ್ರ ವಾರಗಳು ಬೇಕು. ನಡುವೆ ಮಿದುಳು ನಿಧಾನವಾಗಿ ಹೊಂದಿಕೊಳ್ಳಬೇಕು.

ಬೇರೆ ಔಷಧಗಳ ಜೊತೆ ಜಗಳವೂ ಹುಟ್ಟುವುದು ಮಿದುಳಿನ ಈ ಕೆಲಸಗಳಿಂದಲೇ. ಬಿಪಿಗೆ ಕೊಡುವ ಕ್ಲೋನಿಡಿನ್ ಕೆಲಸ ಮಾಡುವುದು ಅದೇ ಆಲ್ಫಾ-2 ರಿಸೆಪ್ಟರನ್ನು ಒತ್ತಿ. ಮಿರ್ಟಾಜಪಿನ್ ಮುಚ್ಚುತ್ತದೆ, ಕ್ಲೋನಿಡಿನ್ ಒತ್ತಲು ನೋಡುತ್ತದೆ. ಹತೋಟಿಯಲ್ಲಿದ್ದ ಬಿಪಿ ಮತ್ತೆ ಏರಬಹುದು. ಮದ್ಯ, ನಿದ್ದೆ ಮಾತ್ರೆ ಜೊತೆಯಾದರೆ ಮಂಪರು ಇಮ್ಮಡಿ. ನೋವಿನ ಟ್ರಮಡಾಲ್ ಸೇರಿದರೆ ಸೆರೊಟೋನಿನ್ ಅತಿಯಾಗಿ ನಡುಕ, ಜ್ವರ, ಗೊಂದಲ ಬರುವ ಅಪಾಯವಿದೆ. ಈ ರಾಸಾಯನಿಕಗಳನ್ನು ಒಡೆಯುವ ಎಂಎಒ ಎಂಬ ಕಿಣ್ವವನ್ನು ತಡೆಯುವ ಖಿನ್ನತೆಯ ಹಳೆಯ ಮಾತ್ರೆಗಳಿಗೂ ಮಿರ್ಟಾಜಪಿನ್‌ಗೂ ನಡುವೆ 14 ದಿನ ಅಂತರ ಇರಲೇಬೇಕು.

ಕೆಲವು ತೊಂದರೆಗಳು ಮಿದುಳಿನಲ್ಲಿ ಅಲ್ಲ, ಲಿವರ್‌ನಲ್ಲಿ. ಮೂರ್ಛೆರೋಗದ ಕಾರ್ಬಮಜೆಪಿನ್, ಫೆನಿಟಾಯಿನ್ ಲಿವರಿನ ಕೆಲಸ ಚುರುಕು ಮಾಡಿ ಮಿರ್ಟಾಜಪಿನ್ನನ್ನು ಬೇಗ ಕರಗಿಸುತ್ತವೆ. ಆಗ ವೈದ್ಯರು ಡೋಸ್ ಏರಿಸಬೇಕಾಗಬಹುದು. ಮುಂದೆ ಮೂರ್ಛೆಯ ಮಾತ್ರೆ ನಿಲ್ಲಿಸಿದರೆ ಅದೇ ಡೋಸ್ ಜಾಸ್ತಿಯಾಗುತ್ತದೆ. ಅದನ್ನು ಇಳಿಸುವುದೂ ವೈದ್ಯರ ಕೈಯಲ್ಲೇ ಆಗಬೇಕು. ನಮಸ್ಕಾರ.